ಗಂಜಿ ಹಾಕಿದ ಸ್ಪೀಕರ್ ಬಟ್ಟೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರು ಕೂರುವುದಕ್ಕೆ ಜಾಗ ಕಡಿಮೆ, ಸ್ಪೀಕರುಗಳು ಕೂರುವುದಕ್ಕೆ ಜಾಗ ಜಾಸ್ತಿ. ನಗಬೇಡಿ, ನಿಜವಾಗಿಯೂ ಹಾಗೇ ಇತ್ತು. ಬಾಗಿಲು ತೆಗೆದ ಕೂಡಲೇ ಎಡಗಡೆ ಎರಡು, ಮಂಚದ ಕೆಳಗೆ ನಾಲ್ಕು, ಅಡುಗೆಮನೆಗೆ ಹೋಗುವ ದಾರಿಯಲ್ಲಿ ಒಂದರ ಮೇಲೊಂದು ಮೂರು. ಎಲ್ಲವೂ ಮರದ ಪೆಟ್ಟಿಗೆಗಳು, ಎಲ್ಲವೂ ಹಳೆಯವು, ಎಲ್ಲವೂ ಬೇರೆ ಯಾರದೋ ಮನೆಯವು. ನೆಂಟರು ಬಂದರೆ ಅಮ್ಮ ಅವುಗಳ ಮೇಲೆ ಒಂದು ಟವೆಲ್ ಹಾಸಿ, ಕೂತುಕೊಳ್ಳಿ, ಏನೂ ಆಗುವುದಿಲ್ಲ ಅನ್ನುತ್ತಿದ್ದಳು. ಅಪ್ಪನ ಮುಖ ಮಾತ್ರ ಅವರು ಏಳುವವರೆಗೂ ಹುಳ್ಳಗಿರುತ್ತಿತ್ತು.

ನಮ್ಮದು ವಿಜಯನಗರದಲ್ಲಿ, ಮುಖ್ಯರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ, ಮೊದಲ ಮಹಡಿಯ ಬಾಡಿಗೆ ಮನೆ. ಆಗ ಆ ಕಡೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಮೊಬೈಲು ಆಗತಾನೇ ಒಬ್ಬೊಬ್ಬರ ಕೈಗೆ ಬರುತ್ತಿತ್ತು. ಅಪ್ಪನ ಹತ್ತಿರವೂ ಒಂದಿತ್ತು, ಅದರಲ್ಲಿ ಮಾತಾಡುವುದು ಬಿಟ್ಟರೆ ಹಾವಿನ ಆಟ ಆಡಬಹುದಿತ್ತು, ಅಷ್ಟೇ. ಹಾಡು ಕೇಳಬೇಕೆಂದರೆ ಕ್ಯಾಸೆಟ್ಟೋ ಸೀಡಿಯೋ ಹಾಕಬೇಕು, ಅದು ಒಂದು ಪೆಟ್ಟಿಗೆಯಿಂದ ಆಚೆ ಬರಬೇಕು, ಮನೆಯವರೆಲ್ಲ ಒಟ್ಟಿಗೆ ಕೇಳಬೇಕು. ಬೇಡ ಅನ್ನುವವರೂ ಕೇಳಲೇಬೇಕು!

ಅಪ್ಪ ಅದಕ್ಕೆ ಮೊದಲು ರಾಜಾಜಿನಗರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದರು. ತಗಡನ್ನು ಒತ್ತಿ ಆಕಾರ ಕೊಡುವ ದೊಡ್ಡ ಮೆಷಿನ್ನಿನ ಮುಂದೆ ನಿಂತು ಮಾಡುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಧಡ್ ಧಡ್ ಧಡ್. ಹದಿನೆಂಟು ವರ್ಷ ಆ ಸದ್ದಿನೊಳಗೇ ಇದ್ದರು. ಕಿವಿಗೆ ಹತ್ತಿ ಇಟ್ಟುಕೊಂಡರೆ ಜೊತೆಯವರು ಗೇಲಿ ಮಾಡುತ್ತಿದ್ದರಂತೆ, ಅದಕ್ಕೇ ಇಟ್ಟುಕೊಳ್ಳಲಿಲ್ಲವಂತೆ. ಗಂಡಸರಿಗೆ ಎಂಥೆಂಥ ವಿಷಯಕ್ಕೆ ನಾಚಿಕೆ ನೋಡಿ. ಕೊನೆಗೆ ಫ್ಯಾಕ್ಟರಿ ಮುಚ್ಚಿತು, ಅಪ್ಪ ಮನೆಗೆ ಬಂದರು. ಆರು ತಿಂಗಳು ಸುಮ್ಮನೆ ಪೇಪರ್ ಓದಿದರು. ಆಮೇಲೆ ಒಂದು ದಿನ ನಮ್ಮ ಮನೆಯದೇ ಹಳೇ ಸ್ಪೀಕರಿನ ಮುಂದಿನ ಬಟ್ಟೆಯನ್ನು ಇಲಿ ಕಡಿದುಹಾಕಿತು. ಅಪ್ಪ ಕೂತು ಅದನ್ನು ಬಿಚ್ಚಿ ಹೊಸ ಬಟ್ಟೆ ಹಾಕಿದರು. ಪಕ್ಕದ ಮನೆಯವರು ನೋಡಿ ತಮ್ಮದನ್ನು ತಂದರು. ಅವರ ಭಾವಮೈದುನ ತಂದ, ಅವನ ಸ್ನೇಹಿತ ತಂದ. ಒಟ್ಟಿನಲ್ಲಿ ನಮ್ಮ ಮನೆ ಸ್ಪೀಕರುಗಳ ಮನೆಯಾಯಿತು, ಅಪ್ಪ ಮತ್ತೆ ಬೆಳಿಗ್ಗೆ ಬೇಗ ಏಳುವ ಮನುಷ್ಯರಾದರು.

ಆ ಕೆಲಸ ಹೇಗೆ ಅಂತ ನಿಮಗೆ ಹೇಳಲೇಬೇಕು. ಹಳೇ ಸ್ಪೀಕರಿನ ಮುಂದೆ ಮರದ ಒಂದು ಫ್ರೇಮ್ ಇರುತ್ತದೆ, ಅದರ ಮೇಲೆ ಬಿಗಿಯಾಗಿ ಬಟ್ಟೆ ಎಳೆದಿರುತ್ತಾರೆ. ಫ್ರೇಮನ್ನು ಕೈಯಿಂದ ಎಳೆದರೆ ಟಪ್ ಎಂದು ಬಿಟ್ಟುಕೊಂಡು ಬರುತ್ತದೆ. ಬಂದ ಕೂಡಲೇ ಮೂಗು ಮುಚ್ಚಿಕೊಳ್ಳಬೇಕು. ಮೂವತ್ತು ವರ್ಷದ ಧೂಳು, ಜಿರಳೆ ಮೊಟ್ಟೆ, ಯಾರದೋ ಮನೆಯ ಊದುಬತ್ತಿ, ಯಾರದೋ ತಾತನ ಸಿಗರೇಟು, ಎಲ್ಲದರ ವಾಸನೆ ಒಟ್ಟಿಗೆ. ಅಪ್ಪ ಇಕ್ಕಳದಲ್ಲಿ ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಸಡಿಲವಾದ ಮೂಲೆಗಳಿಗೆ ಬಿಳಿ ಅಂಟು ಹಾಕಿ, ಮರಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಇಲ್ಲದಿದ್ದರೆ ಬಟ್ಟೆಯೊಳಗಿಂದ ಮರ ಬೆಳ್ಳಗೆ ಕಾಣುತ್ತದೆ. ಆಮೇಲೆ ಬಟ್ಟೆ. ನೂಲು ನೇರವಾಗಿರಬೇಕು, ಒಂದು ಎಳೆ ಓರೆಯಾದರೂ ಅಪ್ಪ ಬಿಚ್ಚಿ ಮತ್ತೆ ಹಾಕುವರು. ನಾಲ್ಕೂ ಬದಿಗೆ ನಡುವೆ ಒಂದೊಂದು ಮೊಳೆ, ಅಲ್ಲಿಂದ ಮೂಲೆಗಳ ಕಡೆಗೆ ಎಳೆದುಕೊಂಡು ಹೋಗಬೇಕು.

ಯಾವ ಬಟ್ಟೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಅಪ್ಪ ಚಿಕ್ಕಪೇಟೆಯಿಂದ ಬಟ್ಟೆ ತಂದರೆ ನಾನು ಅದನ್ನು ತುಟಿಗೆ ಹಿಡಿದು, ಆಚೆ ಬದಿಗೆ ಅಂಗೈ ಇಟ್ಟುಕೊಂಡು ಜೋರಾಗಿ ಊದುತ್ತಿದ್ದೆ. ಉಸಿರು ಅಂಗೈಗೆ ತಾಕಿದರೆ ಪಾಸು, ತಾಕದಿದ್ದರೆ ಆ ಬಟ್ಟೆ ಅಮ್ಮನ ದಿಂಬಿನ ಕವರಿಗೆ.

"ಹಾಡೂ ಉಸಿರಿನ ಥರಾನೇ ಕಣೇ ಪುಟ್ಟಿ," ಅಂದಿದ್ದರು ಅಪ್ಪ. "ನಿನ್ನ ಉಸಿರು ಆಚೆ ಬಂದ್ರೆ ಅದೂ ಬರುತ್ತೆ."

ದಪ್ಪ ದನಿಗಳು ಹೇಗೋ ನುಗ್ಗಿಕೊಂಡು ಬಂದುಬಿಡುತ್ತವೆ, ಸಣ್ಣ ದನಿಗಳೇ ಬಟ್ಟೆಗೆ ಸಿಕ್ಕಿಕೊಳ್ಳುವುದು ಎಂದು ಅವರು ಹೇಳುತ್ತಿದ್ದರು. ಗೆಜ್ಜೆ, ತಾಳ, ಬಳೆಯ ಸದ್ದು, ಇಂಥವು. ಅದಕ್ಕೇ ಪ್ರತಿ ಸಲ ಬಟ್ಟೆ ಹಾಕಿ ಮುಗಿದ ಮೇಲೆ ಅಪ್ಪ ಒಂದು ಭಜನೆಯ ಕ್ಯಾಸೆಟ್ ಹಾಕಿ, ನನ್ನನ್ನೂ ಅಕ್ಕನನ್ನೂ ಚಾಪೆಯ ಮೇಲೆ ಕೂರಿಸಿ, ತಾಳ ಬರುತ್ತಿದೆಯಾ ಎಂದು ಕೇಳುತ್ತಿದ್ದರು. ಫ್ರೇಮ್ ತೆಗೆದು ಒಂದು ಸಲ, ಹಾಕಿ ಒಂದು ಸಲ. ಎರಡೂ ಸಲ ಒಂದೇ ಥರ ಇದೆ ಎಂದು ನಾವಿಬ್ಬರೂ ಹೇಳಿದ ಮೇಲೆಯೇ ಅಪ್ಪ, ಹ್ಞೂಂ, ಸರಿ ಇದೆ ಅನ್ನುವುದು. ಅವರು ನಮಗೆ ಕೆಲಸ ಕಲಿಸುತ್ತಿದ್ದಾರೆ ಎಂದು ನಾವಿಬ್ಬರೂ ಹೆಮ್ಮೆಪಡುತ್ತಿದ್ದೆವು. ಹಾಗೆಂದೇ ತಿಳಿದಿದ್ದೆವು.

ಆ ವರ್ಷ ಮಳೆಗಾಲದಲ್ಲಿ ಒಂದು ತೊಂದರೆಯಾಯಿತು. ಅಪ್ಪ ಬಟ್ಟೆ ಹಾಕಿಕೊಟ್ಟಿದ್ದ ಎರಡು ಫ್ರೇಮುಗಳು ವಾಪಸ್ಸು ಬಂದವು. ತಣ್ಣನೆ ಹವೆಗೆ ಬಟ್ಟೆ ಸಡಿಲವಾಗಿ, ನಡುವೆ ಹೊಟ್ಟೆ ಬಿಟ್ಟುಕೊಂಡಿತ್ತು. ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮೊದಲೇ ಬಟ್ಟೆಯನ್ನು ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಎಳೆಯಬೇಕಿತ್ತು ಎಂದು ತಮ್ಮನ್ನೇ ಬೈದುಕೊಂಡರು. ಇನ್ನು ಮೇಲೆ ತೊಳೆದು ಒಣಗಿಸುವ ಜವಾಬ್ದಾರಿ ನಿನ್ನದು ಅಂತ ನನಗೆ ಹೇಳಿದರು. ನನಗೆ ಆಗ ಹತ್ತು ವರ್ಷ. ಇಸ್ತ್ರಿ ಪೆಟ್ಟಿಗೆ ಮುಟ್ಟಲು ಒಪ್ಪಿಗೆ ಸಿಕ್ಕಿದ್ದೇ ನನಗೆ ದೊಡ್ಡ ಪದವಿ ಸಿಕ್ಕಷ್ಟಾಗಿತ್ತು.

ಅದೇ ವಾರ ಬಂದರು ಮೇಷ್ಟ್ರು ತಾತ. ಅವರು ಆರ್‌ಪಿಸಿ ಲೇಔಟಿನಲ್ಲಿದ್ದರು, ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು. ಬಿಳಿ ಪಂಚೆ, ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಮಾತು ಬಹಳ ಮೆತ್ತಗೆ. ಅವರ ಮನೆಯಲ್ಲಿ ಪ್ರತಿ ಭಾನುವಾರ ಸಂಜೆ ಭಜನೆ ನಡೆಯುತ್ತಿತ್ತು. ಅವರ ಸ್ಪೀಕರುಗಳು ತೇಗದ ಮರದವು, ಅಕ್ಕನಿಗಿಂತ ಹತ್ತು ವರ್ಷ ದೊಡ್ಡವು. ಆ ಭಾನುವಾರದ ಭಜನೆ ಹೊತ್ತಿಗೆ ಕೊಟ್ಟರೆ ದೊಡ್ಡ ಉಪಕಾರ, ತಂಡದ ಹಳಬರೆಲ್ಲ ಸೇರುತ್ತಾರೆ, ಹಿಂದೆ ಒಟ್ಟಿಗೆ ಹಾಡಿದ್ದ ಕ್ಯಾಸೆಟ್ಟನ್ನು ಎಲ್ಲರಿಗೂ ಕೇಳಿಸಬೇಕು ಅಂದರು. ಅಪ್ಪ ಕೊಡುತ್ತೇನೆ ಅಂದರು. ಹಾಗೆ ಹೇಳಿದ ಮೇಲೆ ಆ ಪೆಟ್ಟಿಗೆಗಳನ್ನು ಅಪ್ಪ ಒರೆಸಿದ ರೀತಿ ನೋಡಬೇಕಿತ್ತು, ನಮ್ಮನ್ನೂ ಅಷ್ಟು ಅಕ್ಕರೆಯಿಂದ ಒರೆಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಟ್ಟೆ ತೊಳೆಯುವ ಕೆಲಸ ನನ್ನದು. ಗೋಧಿ ಬಣ್ಣದ, ಒರಟು ನೂಲಿನ ಒಳ್ಳೆಯ ಬಟ್ಟೆ. ನಾನೇ ಊದಿ ಪಾಸು ಮಾಡಿದ್ದೆ. ಅಮ್ಮ ಭಾನುವಾರ ಕುಕ್ಕರ್ ಇಡದೆ ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿದು, ತನ್ನ ನೂಲಿನ ಸೀರೆಗಳಿಗೆ ಹಾಕುತ್ತಿದ್ದಳು. ಅವತ್ತೂ ಬಚ್ಚಲಲ್ಲಿ ಬಕೆಟ್ ಇಟ್ಟುಕೊಂಡು ಸೀರೆ ಅದ್ದುತ್ತಿದ್ದಳು. ಸಪ್ಪಗೆ, ಜೋಲಾಡಿಕೊಂಡು ಬಕೆಟ್ಟಿಗೆ ಇಳಿದ ಸೀರೆ ಒಣಗಿದ ಮೇಲೆ ಹೇಗೆ ಗರಿಗರಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ತಲೆಯಲ್ಲಿ ದೀಪ ಹತ್ತಿತು. ಹೊಟ್ಟೆ ಬಿಟ್ಟುಕೊಂಡು ವಾಪಸ್ಸು ಬಂದ ಆ ಫ್ರೇಮುಗಳು, ಊಟ ಮಾಡದ ಅಪ್ಪ, ಎಲ್ಲ ನೆನಪಾಯಿತು. ಅಮ್ಮ ಸೀರೆ ಎತ್ತಿಕೊಂಡು ತಾರಸಿಗೆ ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದಿದ್ದ ದಪ್ಪ ಗಂಜಿಯನ್ನು ನೀರೂ ಬೆರೆಸದೆ ಬಟ್ಟೆಗೆ ಚೆನ್ನಾಗಿ ಹಿಸುಕಿ ಹಿಸುಕಿ ಹಿಡಿಸಿದೆ. ಅಪ್ಪನಿಗೆ ಹೇಳಲಿಲ್ಲ. ಅಷ್ಟು ಬಿಗಿಯಾಗಿ ಬಂದದ್ದನ್ನು ನೋಡಿ ಅವರು ಬೆರಗಾಗಬೇಕು, ಆಮೇಲೆ ನಾನು ಗುಟ್ಟು ಬಿಡಬೇಕು ಎಂದು ನನ್ನ ಲೆಕ್ಕ.

ಅವತ್ತು ಬಿಸಿಲು ಚೆನ್ನಾಗಿತ್ತು. ಹನ್ನೊಂದು ಗಂಟೆಗೆ ಬಟ್ಟೆ ಒಣಗಿ ಹಪ್ಪಳವಾಗಿತ್ತು. ನೀರು ಚಿಮುಕಿಸಿ ಇಸ್ತ್ರಿ ಮಾಡಿದೆ, ಮನೆಯ ತುಂಬ ಬಿಸಿ ಅನ್ನದ ವಾಸನೆ ಬಂತು. ಅಮ್ಮ ಒಲೆಯ ಮೇಲಿನ ಅನ್ನದ ವಾಸನೆ ಅಂದುಕೊಂಡಿರಬೇಕು. ಅಪ್ಪ ಬಟ್ಟೆಯನ್ನು ಮುಟ್ಟಿ ನೋಡಿದರು, ಹೊಸ ಬಟ್ಟೆಯ ಬಿಗಿ ಅಂದುಕೊಂಡರೋ ಇಸ್ತ್ರಿಯ ಬಿಸಿ ಅಂದುಕೊಂಡರೋ, ಸಂಜೆಯೊಳಗೆ ಮುಗಿಸುವ ಆತುರದಲ್ಲಿ ಏನೂ ಕೇಳಲಿಲ್ಲ. ಮೊಳೆ ಹೊಡೆಯುತ್ತ ಹೋದಂತೆ ಅವರ ಮುಖ ಅರಳಿತು. ಎರಡೂ ಫ್ರೇಮುಗಳು ಡೋಲಿನ ಹಾಗೆ ಬಿಗಿಯಾಗಿ ಕೂತವು.

"ನೋಡೇ ಇಲ್ಲಿ," ಎಂದು ಅಮ್ಮನನ್ನು ಕರೆದರು. "ನಿನ್ನ ಮಗಳ ಕೈಗುಣ. ಇಷ್ಟು ನೀಟಾಗಿ ನನಗೂ ಯಾವತ್ತೂ ಬಂದಿಲ್ಲ."

ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಗುಟ್ಟು ಬಿಡುವುದನ್ನು ಮರೆತೇಬಿಟ್ಟೆ, ಅಥವಾ ಹೊಗಳಿಕೆಯನ್ನು ಗಂಜಿಯ ಜೊತೆ ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ ಹೇಳಲಿ, ಎರಡನೆಯದೇ ನಿಜ.

ನಾಲ್ಕು ಗಂಟೆಗೆ ಅಪ್ಪ ಎಂದಿನಂತೆ ಕ್ಯಾಸೆಟ್ ಹಾಕಿದರು. ಅಕ್ಕ ಹತ್ತನೇ ಕ್ಲಾಸಿನಲ್ಲಿದ್ದಳು, ಟ್ಯೂಷನ್ನಿಗೆ ಹೋಗಿದ್ದಳು. ಚಾಪೆಯ ಮೇಲೆ ನಾನೊಬ್ಬಳೇ. ಫ್ರೇಮ್ ತೆಗೆದು ಕೇಳುವ ಆಟ ಅವತ್ತು ಬೇಡ, ಹೊತ್ತಾಗಿದೆ ಅಂದರು ಅಪ್ಪ. ನಾನು ಹಾಡು ಕೇಳಲಿಲ್ಲ ಮಕ್ಕಳೇ, ಬಟ್ಟೆಯನ್ನು ನೋಡುತ್ತ ಕೂತಿದ್ದೆ. ಎಷ್ಟು ಚೆನ್ನಾಗಿದೆ, ಎಷ್ಟು ಬಿಗಿಯಾಗಿದೆ, ನಾನೇ ಮಾಡಿದ್ದು. ತಾಳ ಬರುತ್ತಿದೆಯಾ ಎಂದು ಅಪ್ಪ ಕೇಳಿದರು. ನಾನು ಅವರ ಕಡೆ ತಿರುಗಿಯೂ ನೋಡದೆ, ಹ್ಞೂಂ ಅಪ್ಪ, ಚೆನ್ನಾಗಿ ಬರುತ್ತಿದೆ ಅಂದೆ. ಅಪ್ಪ ಟೇಪ್ ರೆಕಾರ್ಡರ್ ನಿಲ್ಲಿಸಿ ಪೆಟ್ಟಿಗೆಗಳನ್ನು ಇನ್ನೊಂದು ಸಲ ಒರೆಸಿದರು.

ಐದೂವರೆಗೆ ಮೇಷ್ಟ್ರು ತಾತ ಬಂದರು. ಕೆಳಗೆ ಆಟೋ ನಿಲ್ಲಿಸಿ, ಆ ಕ್ಯಾಸೆಟ್ಟನ್ನೂ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಸ್ಪೀಕರುಗಳನ್ನು ನೋಡಿ ಅವರ ಕಣ್ಣು ಮಿನುಗಿತು. ಬಟ್ಟೆಯ ಮೇಲೆ ಅಂಗೈ ಆಡಿಸಿ ಭಲೇ ಅಂದರು. ಒಂದು ನಿಮಿಷ ಕೇಳಿಬಿಡೋಣ ಅಂತ ಕ್ಯಾಸೆಟ್ ಕೊಟ್ಟರು. ಆ ಭಜನೆಗೆ ತಾಳ ಹಾಕಿದ್ದು ತಾನೇ, ಹಾಡಲು ಬರುವುದಿಲ್ಲವಾದ್ದರಿಂದ ಇಪ್ಪತ್ತು ವರ್ಷ ತಾಳ ಹಾಕಿಯೇ ತಂಡದಲ್ಲಿ ಉಳಿದೆ ಎಂದು ನಗುತ್ತ ಹೇಳಿಕೊಂಡರು. ಅಪ್ಪ ಕ್ಯಾಸೆಟ್ ಹಾಕಿದರು. ಹಾರ್ಮೋನಿಯಂ ಬಂತು, ಮೃದಂಗ ಬಂತು, ಹತ್ತು ಜನರ ದನಿ ಬಂತು. ತಾತ ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು.

"ಎಲ್ಲಿ ಹೋಯ್ತಪ್ಪಾ, ನನ್ನ ತಾಳ?"

"ಬರ್ತಾ ಇದೆಯಲ್ಲ ಸಾರ್," ಅಂದರು ಅಪ್ಪ.

"ಎಲ್ಲಿ ಬರ್ತಾ ಇದೆ? ಎಲ್ಲರೂ ಇದ್ದಾರೆ. ನಾನೇ ಇಲ್ವಲ್ಲಪ್ಪ ಇದ್ರಲ್ಲಿ."

ನಾನು ಆಗ ಮೊದಲ ಸಲ ನಿಜವಾಗಿ ಕಿವಿಗೊಟ್ಟೆ. ತಾಳ ಇರಲಿಲ್ಲ. ಎಲ್ಲೋ ದೂರದ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಯಾರೋ ಬಾರಿಸುತ್ತಿರುವಂತೆ, ಇದೆಯೋ ಇಲ್ಲವೋ ಅನ್ನುವಷ್ಟು. ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರ ಹಣೆಯ ಮೇಲೆ ಬೆವರು ಬಂದಿತ್ತು. ಎದ್ದು ಫ್ರೇಮ್ ತೆಗೆಯಲು ಕೈ ಹಾಕಿದರು, ಅಷ್ಟರಲ್ಲಿ ಕರೆಂಟು ಹೋಯಿತು.

ಆಗೆಲ್ಲ ಕರೆಂಟು ಹೋದರೆ ಹೋಯಿತು, ಬಂದಾಗ ಬಂತು. ಮಳೆಗಾಲದ ಮೋಡಕ್ಕೆ ಮನೆಯೊಳಗೆ ಆಗಲೇ ಕತ್ತಲು, ಅಮ್ಮ ಕ್ಯಾಂಡಲ್ ಹಚ್ಚಿಟ್ಟಳು. ತಾತ ಕಾಲು ಗಂಟೆ ಕಾದರು, ಕೆಳಗೆ ಆಟೋದವನು ಹಾರ್ನ್ ಒತ್ತುತ್ತಿದ್ದ. ಬಿಚ್ಚುವಾಗ ಒಳಗಡೆ ಸದ್ದು ಹೊರಡಿಸುವ ಕಾಗದಕ್ಕೆ ಎಲ್ಲಾದರೂ ಕೈ ತಗುಲಿತೇನೋ ಎಂದು ತಾತ ಮೆಲ್ಲಗೆ ಕೇಳಿದರು. ನಾಳೆ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇನೆ, ಬೇರೆ ಕಡೆ ತೋರಿಸುತ್ತೇನೆ, ನಿಮ್ಮ ಮೇಲೆ ಬೇಸರವಿಲ್ಲ ಅಂದು ತಾತ ಎದ್ದರು. ಬೇಸರವಿಲ್ಲ ಎಂದು ಅಷ್ಟು ಮೆತ್ತಗೆ ಹೇಳುವುದಕ್ಕಿಂತ ಅವರು ಬೈದಿದ್ದರೇ ಎಷ್ಟೋ ವಾಸಿಯಿತ್ತು. ಖಾಲಿ ಆಟೋ ಹೊರಟ ಸದ್ದು ನಮಗೆಲ್ಲ ಕೇಳಿಸಿತು.

ಅಪ್ಪ ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನೆಲದ ಮೇಲೆ ಕೂತರು. ನಾನು ಹೊರಗೆ, ಸ್ಪೀಕರುಗಳ ನಡುವೆ, ಕತ್ತಲಲ್ಲಿದ್ದೆ. ಅವರು ಮಾತಾಡಿದ್ದು ನನಗೆ ಕೇಳಿಸಿತು.

"ನನ್ನ ಕಿವಿ ಹೋಗಿದೆ ಕಣೇ. ತಾಳ ಬರ್ತಾ ಇದೆ ಅಂತ ಅವರೆದುರಿಗೆ ಹೇಳ್ಬಿಟ್ಟೆ. ಕಿವಿ ಕೇಳದವನು ಸ್ಪೀಕರ್ ರಿಪೇರಿ ಮಾಡ್ತಾನಂತೆ ಅಂತ ನಾಲ್ಕು ಜನ ನಗೋದು ಬೇಡ. ಇರೋದನ್ನೆಲ್ಲ ವಾಪಸ್ ಕೊಟ್ಬಿಡ್ತೀನಿ. ಆ ಅಪಾರ್ಟ್‌ಮೆಂಟಲ್ಲಿ ವಾಚ್‌ಮನ್ ಬೇಕು ಅಂದಿದ್ರಲ್ಲ, ನಾಳೆ ಹೋಗಿ ಬರ್ತೀನಿ."

ಅಮ್ಮ ಹಾಲಿನ ಪಾತ್ರೆ ಎಳೆದುಕೊಂಡಳು. ರೀ, ಕಾಫಿ ಮಾಡಲಾ ಎಂದು ಕೇಳಿದಳು. ಅಪ್ಪ ಬೇಡ ಅಂದರು. ಅಪ್ಪ ಕಾಫಿ ಬೇಡ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಫ್ಯಾಕ್ಟರಿ ಮುಚ್ಚಿದ ದಿನವೂ ಕುಡಿದಿದ್ದರು. ಮತ್ತೆ ಆ ಆರು ತಿಂಗಳ ಪೇಪರ್ ಓದುವ ಅಪ್ಪ ಕಣ್ಣ ಮುಂದೆ ಬಂದರು.

ಏನು ಮಾಡಬೇಕೆಂದು ತೋಚದೆ, ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರೊಂದನ್ನು ಎತ್ತಿಕೊಂಡು ಬೆರಳಿಗೆ ಸುತ್ತುತ್ತಿದ್ದೆ. ಅದು ಸುತ್ತಿಕೊಳ್ಳಲಿಲ್ಲ, ರಟ್ಟಿನ ಹಾಗೆ ಮಡಿಸಿಕೊಂಡಿತು. ಅಭ್ಯಾಸಬಲದಿಂದ ತುಟಿಗಿಟ್ಟು ಊದಿದೆ. ಅಂಗೈಗೆ ಏನೂ ತಾಕಲಿಲ್ಲ. ಮತ್ತೆ ಊದಿದೆ, ಕೆನ್ನೆ ನೋಯುವ ಹಾಗೆ. ಉಸಿರು ತಿರುಗಿ ನನ್ನ ಮೂಗಿಗೇ ಬಡಿಯಿತು, ಅನ್ನದ ವಾಸನೆಯ ಜೊತೆ. ಕ್ಯಾಂಡಲ್ಲಿನ ಹತ್ತಿರ ಹಿಡಿದು ನೋಡಿದೆ. ನೂಲು ನೂಲಿನ ನಡುವಿನ ಪ್ರತಿ ತೂತಿಗೂ ಸಣ್ಣ ಪೊರೆ ಕಟ್ಟಿಕೊಂಡಿತ್ತು, ಗಾಜಿನ ಹಾಗೆ ಹೊಳೆಯುತ್ತಿತ್ತು. ಆಗ ನನಗೆ ಗೊತ್ತಾಯಿತು. ತಾತನ ತಾಳವನ್ನು ಕಟ್ಟಿಹಾಕಿದ್ದು ನಾನು.

ಹೇಳದೆ ಇದ್ದುಬಿಡೋಣ ಎಂದು ಅನ್ನಿಸಲಿಲ್ಲವಾ? ಅನ್ನಿಸಿತು. ಚೂರನ್ನು ಮಂಚದ ಕೆಳಗೆ ತಳ್ಳಿಯೂ ಬಿಟ್ಟೆ. ಅಪ್ಪನ ಬಾಯಿಂದ ಬಂದ ಅಷ್ಟು ದೊಡ್ಡ ಹೊಗಳಿಕೆ ಅದೇ ದಿನ ಕೈತಪ್ಪಿ ಹೋಗುತ್ತದಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೆ ಒಳಗಡೆ ಅಪ್ಪ ಒಂದು ಸಲ ಮೂಗು ಸೇದಿಕೊಂಡರು. ಅಷ್ಟೇ, ನಾನು ಬಗ್ಗಿ ಆ ಚೂರನ್ನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಅಪ್ಪನ ಅಂಗೈಯಲ್ಲಿಟ್ಟೆ. ಊದಿ ಅಪ್ಪ ಅಂದೆ. ಅಪ್ಪ ಊದಿದರು. ಕ್ಯಾಂಡಲ್ಲಿಗೆ ಹಿಡಿದರು. ನಾಲಿಗೆಗೂ ತಾಗಿಸಿ ನೋಡಿದರು.

"ಏನೇ ಹಾಕ್ದೆ ಇದಕ್ಕೆ?"

"ಗಂಜಿ," ಅಂದೆ. ಅಷ್ಟು ಹೊತ್ತಿಗೆ ನನ್ನ ಕಣ್ಣು ಮೂಗು ಎಲ್ಲ ಒಂದಾಗಿತ್ತು.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅಪ್ಪ ನಕ್ಕುಬಿಟ್ಟರು. ಗಂಜಿ ಕಣೇ, ಬರೀ ಗಂಜಿ ಅಂತ ಅಮ್ಮನ ತೋಳು ಹಿಡಿದು ಅಲ್ಲಾಡಿಸಿದರು. ಅಮ್ಮ ನನ್ನ ತಲೆಗೆ ಒಂದು ಮೊಟಕಿದಳು, ಆಮೇಲೆ ಅವಳೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಇನ್ನೊಂದು ತಪ್ಪನ್ನೂ ಹೇಳಿಬಿಟ್ಟೆ. ಮಧ್ಯಾಹ್ನ ಹಾಡು ಕೇಳಲೇ ಇಲ್ಲ, ತಾಳ ಬರುತ್ತಿದೆ ಅಂತ ಸುಮ್ಮನೆ ಹೇಳಿದೆ ಅಂದೆ. ಅಪ್ಪನ ನಗು ನಿಂತಿತು.

"ಗಂಜಿ ಹಾಕಿದ್ದಕ್ಕೆ ಏನೂ ಅನ್ನಲ್ಲ ಪುಟ್ಟಿ," ಅಂದರು. "ಕೇಳದೇನೇ ಕೇಳಿಸ್ತು ಅಂತ ಮಾತ್ರ ಯಾವತ್ತೂ ಹೇಳ್ಬೇಡ. ಅದೊಂದು ಮಾಡ್ಬೇಡ."

ಆಗಲೇ ಕರೆಂಟು ಬಂತು. ಅಪ್ಪ ಹುಡುಗನ ಹಾಗೆ ಎದ್ದು ಹೋಗಿ ಎರಡೂ ಫ್ರೇಮುಗಳನ್ನು ಟಪ್ ಟಪ್ ಎಂದು ಕಿತ್ತು, ತಾತ ಬಿಟ್ಟುಹೋಗಿದ್ದ ಕ್ಯಾಸೆಟ್ ಹಾಕಿದರು. ನಾನು ಎದುರಿಗೆ ಕೂತೆ. ಅಬ್ಬಾ, ಆ ತಾಳ! ಚಿಣ್ ಚಿಣ್ ಎಂದು ಮನೆಯ ಮೂಲೆ ಮೂಲೆಗೂ ಹೋಗಿ ಬಂತು. ಒಂದು ಪೆಟ್ಟೂ ಹಿಂದೆ ಮುಂದೆ ಇಲ್ಲ, ಲೆಕ್ಕದ ಮೇಷ್ಟ್ರಲ್ಲವೇ. ಬಂತು ಅಪ್ಪ, ಬಂತು ಎಂದು ನಾನು ತಲೆಯಾಡಿಸುತ್ತ ಕೂತೆ. ನನಗೂ ಬಂತು ಎಂದು ಅಪ್ಪ ಅಂದರು. ನನ್ನನ್ನೇ ನೋಡುತ್ತ, ನಗುತ್ತ, ಮಂಡಿಯ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಿದ್ದರು. ನನಗೆ ಜೀವ ಬಂದ ಹಾಗಾಯಿತು. ಅಪ್ಪನ ಕಿವಿ ಸರಿಯಿದೆ, ತಪ್ಪೆಲ್ಲ ಗಂಜಿಯದು, ವಾಚ್‌ಮನ್ ಕೆಲಸವಿಲ್ಲ.

ಅಷ್ಟರಲ್ಲಿ ಆ ಹಾಡಿನಲ್ಲಿ ಒಂದು ನುಡಿ ಬಂತು. ಒಬ್ಬರೇ ಮೆಲ್ಲಗೆ ಹಾಡುವುದು, ಜೊತೆಗೆ ಹಾರ್ಮೋನಿಯಂ ಮಾತ್ರ. ತಾಳ ನಿಂತಿತು. ನಾನು ಖುಷಿಯಲ್ಲಿ ತಲೆಯಾಡಿಸುತ್ತಲೇ ಇದ್ದೆ. ಅಪ್ಪನ ಬೆರಳೂ ಕುಟ್ಟುತ್ತಲೇ ಇತ್ತು. ನಾನು ತಲೆ ನಿಲ್ಲಿಸಿದೆ. ಅಪ್ಪನ ಬೆರಳು ನಿಂತಿತು. ತಾಳ ಇನ್ನೂ ಶುರುವಾಗಿರಲಿಲ್ಲ. ಬೇಕೆಂದೇ ಮತ್ತೆ ತಲೆಯಾಡಿಸಿದೆ. ಅಪ್ಪ ನಗುತ್ತ ಮತ್ತೆ ಕುಟ್ಟತೊಡಗಿದರು.

ಅಪ್ಪನಿಗೆ ತಾಳ ಕೇಳಿಸುತ್ತಿರಲಿಲ್ಲ. ಫ್ರೇಮ್ ಇಲ್ಲದೆಯೂ, ಗಂಜಿ ಇಲ್ಲದೆಯೂ ಕೇಳಿಸುತ್ತಿರಲಿಲ್ಲ. ಅವರು ನನ್ನ ತಲೆಯನ್ನು ನೋಡಿಕೊಂಡು ತಾಳ ಹಾಕುತ್ತಿದ್ದರು. ಇಷ್ಟು ದಿನ ಚಾಪೆಯ ಮೇಲೆ ನಮ್ಮಿಬ್ಬರನ್ನು ಕೂರಿಸಿದ್ದು ನಮಗೆ ಕೆಲಸ ಕಲಿಸಲು ಅಲ್ಲ. ಅವರಿಗೆ ನಮ್ಮ ಕಿವಿ ಬೇಕಿತ್ತು. ಅದನ್ನು ಅವರು ಅಮ್ಮನಿಗೂ ಹೇಳಿರಲಿಲ್ಲ, ಅವತ್ತು ಕತ್ತಲಲ್ಲಿ ಬಾಯಿಬಿಟ್ಟಿದ್ದರು, ಅಷ್ಟರೊಳಗೆ ನನ್ನ ಗಂಜಿ ಬಂದು ಆ ಮಾತನ್ನು ಮುಚ್ಚಿಹಾಕಿತ್ತು. ಕೇಳದೆಯೇ ಕೇಳಿಸಿತು ಅನ್ನಬೇಡ ಎಂದು ಹೇಳಿದ ಬಾಯಿಂದಲೇ ನನಗೂ ಬಂತು ಅಂದಿದ್ದರು. ಹಾಡು ಮುಗಿಯುವವರೆಗೆ ತಾಳಕ್ಕೆ ಸರಿಯಾಗಿ, ಒಂದು ಪೆಟ್ಟೂ ತಪ್ಪದ ಹಾಗೆ ತಲೆಯಾಡಿಸಿದೆ.

ಆಮೇಲೆ ನಾವು ಮೊಳೆಗಳನ್ನೆಲ್ಲ ಕಿತ್ತು, ಬಟ್ಟೆಯನ್ನು ಬಿಸಿ ನೀರಿನಲ್ಲಿ ನೆನೆಸಿ ಮೂರು ಸಲ ಜಾಲಿಸಿ ಫ್ಯಾನಿನ ಕೆಳಗೆ ಹರವಿದೆವು. ಬೆಳಿಗ್ಗೆ ನಾನು ಊದಿ ನೋಡಿದೆ, ಅಂಗೈಗೆ ಉಸ್ ಎಂದು ಗಾಳಿ ಬಂತು. ಅಪ್ಪ ಮತ್ತೆ ಬಟ್ಟೆ ಎಳೆದು ಮೊಳೆ ಹೊಡೆದರು. ಮೊದಲಿನಷ್ಟು ಬಿಗಿ ಬರಲಿಲ್ಲ, ಆದರೆ ಸಡಿಲವೂ ಇರಲಿಲ್ಲ.

ತಾತ ಒಂಬತ್ತು ಗಂಟೆಗೆ ಬಂದರು. ಬಟ್ಟೆ ಸರಿಯಾಗಿ ತೊಳೆದಿರಲಿಲ್ಲ ಸಾರ್, ನನ್ನದೇ ತಪ್ಪು, ಒಂದು ಸಲ ಕೇಳಿಬಿಡಿ ಎಂದು ಅಪ್ಪ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಕ್ಯಾಸೆಟ್ ತಿರುಗಿತು. ಮೊದಲ ತಾಳ ಬಿದ್ದ ಕೂಡಲೇ ತಾತನ ಎರಡೂ ಕೈ ತಾವಾಗಿಯೇ ಮೇಲೆದ್ದು ಗಾಳಿಯಲ್ಲಿ ತಾಳ ಹಾಕಿದವು. ಹಾಡು ಮುಗಿದ ಮೇಲೆ ಅವರು ಅಪ್ಪನ ಕಡೆ ತಿರುಗಿದರು.

"ನಿಮ್ಮ ಕಿವಿಗೆ ಸರಿ ಇದೆಯೇನಪ್ಪಾ? ನನಗೇನೋ ಸರಿ ಅನ್ನಿಸ್ತು. ಆದ್ರೂ ಕೆಲಸ ಗೊತ್ತಿರೋರು ನೀವು ಹೇಳ್ಬೇಕು."

ಅಪ್ಪ ನನ್ನ ಕಡೆ ನೋಡಿದರು. ನಾನು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಉಸಿರು ಬಿಗಿಹಿಡಿದು ಕೇಳಿದ್ದೆ. ತಲೆಯಾಡಿಸಿದೆ.

"ಸರಿ ಇದೆ ಸಾರ್," ಅಂದರು ಅಪ್ಪ.

ಅಲ್ಲಿಂದಾಚೆಗೆ ಅಪ್ಪ ಇನ್ನೂ ಹನ್ನೊಂದು ವರ್ಷ ಆ ಕೆಲಸ ಮಾಡಿದರು. ಯಾವ ಸ್ಪೀಕರೂ ವಾಪಸ್ಸು ಬರಲಿಲ್ಲ. ಅಕ್ಕನಿಗೆ ಮಾತ್ರ ನಾನು ವಿಷಯ ಹೇಳಿದೆ, ಅವಳು ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ಟ್ಯೂಷನ್ನಿನ ಹೊತ್ತನ್ನು ಬದಲಾಯಿಸಿಕೊಂಡಳು. ಸ್ಕೂಲಿನಿಂದ ಟೂರ್ ಇದ್ದರೆ ನಾವಿಬ್ಬರೂ ಒಂದೇ ದಿನ ಹೋಗುತ್ತಿರಲಿಲ್ಲ. ಚಾಪೆಯ ಮೇಲೆ ಒಬ್ಬರಾದರೂ ಇರಬೇಕಿತ್ತಲ್ಲ. ನಮಗೆ ಗೊತ್ತು ಅನ್ನುವುದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಕೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಕೇಳಲಿಲ್ಲ. ಈಗ ಕೇಳೋಣ ಎಂದರೆ ಅಪ್ಪ ಇಲ್ಲ.

ನಿಮ್ಮ ಕಾಲದಲ್ಲಿ ಹಾಡು ಯಾವ ಪೆಟ್ಟಿಗೆಯಿಂದಲೂ ಬರುವುದಿಲ್ಲ. ನಿಮ್ಮ ಕಿವಿಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಒಂದೇ ಸೋಫಾದಲ್ಲಿ ಮೂವರು ಕೂತು ಮೂರು ಹಾಡು ಕೇಳುತ್ತೀರಿ, ತಾಳ ಬರುತ್ತಿದೆಯಾ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಇಲಿ ಕಡಿಯುವುದಕ್ಕೆ ಬಟ್ಟೆಯೂ ಇಲ್ಲ, ಗಂಜಿ ಹಾಕಿ ಕೆಡಿಸುವುದಕ್ಕೆ ನನ್ನಂಥವಳಿಗೆ ಏನೂ ಸಿಗುವುದಿಲ್ಲ. ಒಳ್ಳೆಯದೇ ಆಯಿತು ಬಿಡಿ. ಆದರೂ ಮನೆ ಇಷ್ಟೊಂದು ಸದ್ದಿಲ್ಲದೆ ಇರುವುದು ನನಗೆ ಒಗ್ಗುವುದಿಲ್ಲ.

ಅದಕ್ಕೇ ಮೊನ್ನೆ ನಾನು ಜಗಳ ಮಾಡಿ ನಿಮ್ಮ ಹಾಡನ್ನು ಎಲ್ಲರಿಗೂ ಕೇಳುವ ಹಾಗೆ ಹಾಕಿಸಿದ್ದು. ಹೇಗಿದೆ ಅಜ್ಜಿ ಎಂದು ಕೇಳಿದಿರಿ, ಬಹಳ ಚೆನ್ನಾಗಿದೆ ಎಂದು ನಾನು ಮಂಡಿಯ ಮೇಲೆ ತಾಳ ಹಾಕುತ್ತ ಕೂತೆ. ಅದರಲ್ಲಿ ಗೆಜ್ಜೆ ಇತ್ತಂತೆ. ನನಗೆ ಕೇಳಿಸಲಿಲ್ಲ. ಕಿವಿಯ ಡಾಕ್ಟರು ಹೇಳಿ ಎರಡು ವರ್ಷವಾಯಿತು, ನಾನು ನಿಮಗೆ ಹೇಳಿರಲಿಲ್ಲ, ಅಷ್ಟೇ. ಗೆಜ್ಜೆ ನಿಂತ ಮೇಲೂ ನನ್ನ ಬೆರಳು ಕುಟ್ಟುತ್ತಲೇ ಇತ್ತೇನೋ. ನಿಮ್ಮಲ್ಲಿ ಚಿಕ್ಕವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಎದ್ದು ಬಂದು ನನ್ನ ಎದುರಿಗೆ, ನೆಲದ ಮೇಲೆ ಕೂತಳು. ಗೆಜ್ಜೆ ಮತ್ತೆ ಶುರುವಾದಾಗ ನನ್ನ ಮುಖ ನೋಡಿಕೊಂಡು, ನನಗೆ ಕಾಣುವ ಹಾಗೆ, ಮೆಲ್ಲಗೆ ತಲೆಯಾಡಿಸಿದಳು.